ಇಟಲಿಯ ಬೆಟ್ಟದೂರಲ್ಲಿ ನೆಲೆಸುವವರಿಗೆ: ಮೈಸೂರು–ಮಂಡ್ಯದಿಂದ ಹೊರಡುವ ಮೊದಲು ಊರು ಆರಿಸುವ ಬಗೆ

ಇಟಲಿಯ ಬೆಟ್ಟದೂರನ್ನು ಆರಿಸುವುದಾದರೆ ಜನವರಿ ಕೊನೆಯಲ್ಲೋ ಫೆಬ್ರವರಿಯಲ್ಲೋ ಹೋಗಿ ನೋಡಿ ಆರಿಸಬೇಕು. ಮೇ ತಿಂಗಳಲ್ಲಿ ಎಲ್ಲ ಊರೂ ಚೆಂದವೇ. ಅದೇ ಊರಿಗೆ ಚಳಿಗಾಲದ ಒಂದು ಮಂಗಳವಾರ ಸಂಜೆ ಐದಕ್ಕೆ ಹೋದರೆ ಅರ್ಧಕ್ಕರ್ಧ ಮನೆಗಳು ಬಾಗಿಲು ಹಾಕಿರುತ್ತವೆ. ಅವುಗಳ ಮಾಲೀಕರು ರೋಮ್‌ನಲ್ಲೋ ಮಿಲಾನ್‌ನಲ್ಲೋ ಇದ್ದು ಆಗಸ್ಟ್‌ನಲ್ಲಿ ಮಾತ್ರ ಬರುವವರು. ಕುವೆಂಪುನಗರದಲ್ಲೋ ಮಂಡ್ಯದ ವಿದ್ಯಾನಗರದಲ್ಲೋ ನಿವೃತ್ತರಾಗಿ, ಮಕ್ಕಳು ಯೂರೋಪಿನಲ್ಲಿದ್ದಾರೆ, ನಾವೂ ಹತ್ತಿರದಲ್ಲಿ ಒಂದು ಪುಟ್ಟ ಊರಲ್ಲಿ ಇರೋಣ ಎಂದುಕೊಳ್ಳುವ ದಂಪತಿಗೆ ಬೇಕಾದದ್ದು ವರ್ಷದ ಹನ್ನೆರಡು ತಿಂಗಳೂ ಜೀವ ಇರುವ ಊರು. ಅದನ್ನು ಗುರುತಿಸುವುದು ಕಷ್ಟವಲ್ಲ, ಆದರೆ ಅರ್ಧ ಕೆಲಸ ಮೈಸೂರಿನಲ್ಲೇ ಮುಗಿಯಬೇಕು.

ಮೊದಲು ಆದಾಯ, ಆಮೇಲೆ ಊರು

ಕೆಲಸ ಮಾಡದೆ ಇಟಲಿಯಲ್ಲಿ ನೆಲೆಸುವವರಿಗೆ ಇರುವ ವೀಸಾ ‘ರೆಸಿದೆಂಜಾ ಎಲೆತ್ತೀವಾ’. ಇದಕ್ಕೆ ಪಿಂಚಣಿ, ಮನೆ ಬಾಡಿಗೆ, ಠೇವಣಿ ಬಡ್ಡಿ, ಲಾಭಾಂಶದಂಥ ಕೂತಲ್ಲೇ ಬರುವ ಆದಾಯ ಬೇಕು. ಒಬ್ಬರಿಗೆ ವರ್ಷಕ್ಕೆ ಸುಮಾರು 31,000 ಯೂರೋ, ಗಂಡ ಹೆಂಡತಿ ಇಬ್ಬರಾದರೆ ಅದರ ಮೇಲೆ ಶೇ 20. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೆ ದಂಪತಿಗೆ ವರ್ಷಕ್ಕೆ 37 ಲಕ್ಷ ದಾಟುತ್ತದೆ, ಅದೂ ಕನಿಷ್ಠ. ಬ್ಯಾಂಕಿನಲ್ಲಿ ದೊಡ್ಡ ಮೊತ್ತ ಇದೆ ಎಂದು ತೋರಿಸಿದರೆ ಸಾಲದು, ವರ್ಷವರ್ಷವೂ ಬರುವ ಆದಾಯ ಕಾಣಬೇಕು. ಸರಸ್ವತಿಪುರಂನ ಮನೆಯ ಬಾಡಿಗೆ ನಗದಾಗಿ ಕೈಗೆ ಬರುತ್ತಿದ್ದರೆ ಅದು ಲೆಕ್ಕಕ್ಕಿಲ್ಲ. ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಆದಾಯ ತೆರಿಗೆ ರಿಟರ್ನ್ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಹೊರಡುವ ಎರಡು ಮೂರು ವರ್ಷ ಮೊದಲೇ ಇದನ್ನು ಸರಿಪಡಿಸಿಕೊಳ್ಳಿ. ಈ ವೀಸಾದಲ್ಲಿ ಯಾವ ದುಡಿಮೆಗೂ ಅವಕಾಶವಿಲ್ಲ. ಬೆಂಗಳೂರಿನ ಕಂಪನಿಗೆ ಅಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಸಲಹೆ ಕೊಡುವುದೂ ದುಡಿಮೆಯೇ.

ಊರಿನ ಆಯ್ಕೆಗೂ ತೆರಿಗೆಗೂ ನೇರ ಸಂಬಂಧವಿದೆ. ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಅಲ್ಲಿದ್ದರೆ ನೀವು ಇಟಲಿಯ ತೆರಿಗೆದಾರರು, ಜಗತ್ತಿನ ಎಲ್ಲ ಆದಾಯಕ್ಕೂ ಅಲ್ಲಿ ಲೆಕ್ಕ ಕೊಡಬೇಕು. ಸಾಮಾನ್ಯ ದರ ಶೇ 23ರಿಂದ ಶುರುವಾಗಿ ಶೇ 43ರವರೆಗೆ ಹೋಗುತ್ತದೆ. ಜೊತೆಗೆ ಮೈಸೂರಿನಲ್ಲಿರುವ ಮನೆಯ ಮೇಲೆ ವರ್ಷಕ್ಕೆ ಶೇ 1.06, ಠೇವಣಿ ಮತ್ತು ಷೇರುಗಳ ಮೇಲೆ ಶೇ 0.2 ಆಸ್ತಿ ತೆರಿಗೆ. ಹೊರಡುವವರಲ್ಲಿ ಬಹಳ ಮಂದಿಗೆ ಇದು ಗೊತ್ತೇ ಇರುವುದಿಲ್ಲ. ಇದಕ್ಕೆ ಒಂದು ಬದಲಿ ದಾರಿ 2019ರಿಂದ ಇದೆ. ಹೊರದೇಶದ ಪಿಂಚಣಿ ಪಡೆಯುವವರು ದಕ್ಷಿಣದ ಸಣ್ಣ ಊರಿನಲ್ಲಿ ನೆಲೆಸಿದರೆ ಹೊರದೇಶದ ಎಲ್ಲ ಆದಾಯಕ್ಕೂ ಬರೀ ಶೇ 7, ಹತ್ತು ವರ್ಷ, ಮತ್ತು ಮೇಲೆ ಹೇಳಿದ ಆಸ್ತಿ ತೆರಿಗೆಗಳೂ ಇಲ್ಲ. ಇದಕ್ಕೆ ಒಳಪಡುವ ಪ್ರಾಂತ್ಯಗಳು ಅಬ್ರೂಜೋ, ಮೊಲೀಸೆ, ಕಂಪಾನಿಯಾ, ಪುಲಿಯಾ, ಬಸಿಲಿಕಾತಾ, ಕಲಾಬ್ರಿಯಾ, ಸಿಸಿಲಿ, ಸಾರ್ದೇನಿಯಾ. 20,000ಕ್ಕಿಂತ ಕಡಿಮೆ ಜನರಿರುವ ಊರಾದರೆ ಚಿಂತೆಯಿಲ್ಲ. ಮಧ್ಯ ಇಟಲಿಯಲ್ಲಿ ಭೂಕಂಪಕ್ಕೆ ತುತ್ತಾದ ಕೆಲವು ಸಣ್ಣ ಊರುಗಳೂ ಈ ಪಟ್ಟಿಯಲ್ಲಿವೆ. ಹಿಂದಿನ ಐದು ವರ್ಷ ನೀವು ಇಟಲಿಯ ತೆರಿಗೆದಾರರಾಗಿರಬಾರದು. ಪಿಂಚಣಿ ಎಂಬುದು ಇಲ್ಲಿ ಕಡ್ಡಾಯ, ಬಾಡಿಗೆ ಬಡ್ಡಿ ಮಾತ್ರ ಇದ್ದವರಿಗೆ ಈ ಬಾಗಿಲಿಲ್ಲ. ಭಾರತಕ್ಕೂ ಇಟಲಿಗೂ ಇರುವ ತೆರಿಗೆ ಒಪ್ಪಂದದಲ್ಲಿ ಸರ್ಕಾರಿ ಪಿಂಚಣಿಗೂ ಖಾಸಗಿ ಪಿಂಚಣಿಗೂ ಒಂದೇ ನಿಯಮವಿಲ್ಲ, ಆದ್ದರಿಂದ ಎರಡೂ ದೇಶದ ಕಾನೂನು ಬಲ್ಲ ಲೆಕ್ಕಪರಿಶೋಧಕರ ಹತ್ತಿರ ಒಮ್ಮೆ ಕೂತು ಲೆಕ್ಕ ಹಾಕಿಸಿ. ಆ ಲೆಕ್ಕ ಕೈಗೆ ಬಂದ ಮೇಲೆ ತಸ್ಕನಿಯೋ ಅಬ್ರೂಜೋವೋ ಎಂಬ ಪ್ರಶ್ನೆ ಅರ್ಧ ತೀರ್ಮಾನವಾದಂತೆ.

ನಕ್ಷೆಯ ಮೇಲೆ ಜರಡಿ ಹಿಡಿಯುವುದು

ಎತ್ತರದಿಂದ ಶುರುಮಾಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ಹಾಗಾಗಿ 700 ಮೀಟರ್ ಎಂದರೆ ನಮಗೆ ಏನೂ ಅನಿಸುವುದಿಲ್ಲ. ಆದರೆ ಮೈಸೂರು 12 ಡಿಗ್ರಿ ಅಕ್ಷಾಂಶದಲ್ಲಿದೆ, ಮಧ್ಯ ಇಟಲಿಯ ಉಂಬ್ರಿಯಾ ಪ್ರಾಂತ್ಯ 43ರಲ್ಲಿ. ಅಲ್ಲಿ 700 ಮೀಟರ್ ಎಂದರೆ ಜನವರಿಯ ರಾತ್ರಿ ಸೊನ್ನೆಗಿಂತ ಕೆಳಗೆ, ಡಿಸೆಂಬರ್‌ನಲ್ಲಿ ಹಗಲು ಒಂಬತ್ತೇ ಗಂಟೆ. ಇಟಲಿ ಸರ್ಕಾರ ಪ್ರತಿ ಊರನ್ನೂ ಎ ಇಂದ ಎಫ್ ವರೆಗೆ ಹವಾಮಾನ ವಲಯಗಳಾಗಿ ಗುರುತಿಸಿದೆ, ಮನೆ ಕಾಯಿಸುವ ಅವಧಿ ಅದರ ಮೇಲೆ ನಿಂತಿದೆ. ಸಿ ವಲಯದಲ್ಲಿ ನವೆಂಬರ್ 15ರಿಂದ ಮಾರ್ಚ್ 31ರವರೆಗೆ ದಿನಕ್ಕೆ 10 ಗಂಟೆ, ಡಿ ವಲಯದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ 12 ಗಂಟೆ, ಇ ವಲಯದಲ್ಲಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ 14 ಗಂಟೆ. ಎಫ್‌ನಲ್ಲಿ ಮಿತಿಯೇ ಇಲ್ಲ. ನಿಮ್ಮ ಊರು ಯಾವ ವಲಯ ಎಂದು ನೋಡಿದರೆ ವರ್ಷದಲ್ಲಿ ಎಷ್ಟು ತಿಂಗಳು ಇಂಧನಕ್ಕೆ ದುಡ್ಡು ಸುರಿಯಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ನಮ್ಮ ಕಡೆಯಿಂದ ಹೋಗುವವರು 500 ಮೀಟರ್‌ಗಿಂತ ಮೇಲೆ ಹೋಗದಿರುವುದು ಒಳ್ಳೆಯದು. ಅಬ್ರೂಜೋದ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ ಸುಮಾರು 1,250 ಮೀಟರ್ ಎತ್ತರದಲ್ಲಿದೆ. ನೋಡಲು ಅಷ್ಟು ಸುಂದರ ಊರು ಕಡಿಮೆ, ಆದರೆ ಅರವತ್ತೈದು ದಾಟಿದ ಮೈಸೂರಿನವರು ಹಿಮ ಬಾಚಿಕೊಂಡು ಅಲ್ಲಿ ಬದುಕುವುದು ಬೇಡ.

ಎರಡನೆಯದು ಭೂಕಂಪ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಟ್ಟದೂರುಗಳ ಸಾಲು ಅಪೆನ್ನೈನ್ ಪರ್ವತದ ಬೆನ್ನಿಗೇ ಅಂಟಿಕೊಂಡಿದೆ, ನೆಲ ನಡುಗುವುದೂ ಅಲ್ಲೇ: 1980ರಲ್ಲಿ ಇರ್ಪೀನಿಯಾ, 2009ರಲ್ಲಿ ಲಾಕ್ವಿಲಾ, 2016ರಲ್ಲಿ ಅಮಾತ್ರೀಚೆ. ಊರುಗಳನ್ನು 1ರಿಂದ 4ರವರೆಗೆ ಭೂಕಂಪ ವಲಯಗಳಾಗಿ ವಿಂಗಡಿಸಿದ್ದಾರೆ, 1 ಎಂದರೆ ಅತಿ ಅಪಾಯ. ಆದರೆ ವಲಯವೊಂದನ್ನೇ ನೋಡಿದರೆ ಸಾಲದು, ಕಟ್ಟಡವನ್ನು ಬಲಪಡಿಸಿದ್ದಾರೆಯೇ ಎಂಬುದು ಅದಕ್ಕಿಂತ ಮುಖ್ಯ. 2016ರ ಆಗಸ್ಟ್ 24ರ ರಾತ್ರಿ ಅಮಾತ್ರೀಚೆ ನೆಲಸಮವಾಯಿತು. ಅದರ ಹತ್ತಿರದ ನೋರ್ಚಾದಲ್ಲಿ ಯಾರೂ ಸಾಯಲಿಲ್ಲ, ಏಕೆಂದರೆ 1979 ಮತ್ತು 1997ರ ಕಂಪನಗಳ ನಂತರ ಅಲ್ಲಿನ ಮನೆಗಳನ್ನು ಭದ್ರಪಡಿಸಿದ್ದರು. ಹಳೆಯ ಕಲ್ಲಿನ ಗೋಡೆಯ ಹೊರಮೈಯಲ್ಲಿ ಕಬ್ಬಿಣದ ಬಿಲ್ಲೆಗಳೋ ಅಡ್ಡಪಟ್ಟಿಗಳೋ ಕಾಣುತ್ತವೆಯೇ ನೋಡಿ. ಅವು ಗೋಡೆಯಿಂದ ಗೋಡೆಗೆ ಎಳೆದು ಬಿಗಿದ ಕಬ್ಬಿಣದ ಸರಳುಗಳ ತುದಿ. ಯಾವ ವರ್ಷ ಬಲಪಡಿಸಿದರು, ಎಂಜಿನಿಯರ್ ಕೊಟ್ಟ ‘ಕೊಲ್ಲೌದೊ’ ಪ್ರಮಾಣಪತ್ರ ಎಲ್ಲಿ ಎಂದು ಕೇಳಿ. ಬಾಯಿಮಾತಿನ ಉತ್ತರ ಬಂದರೆ ಆ ಮನೆ ಬಿಟ್ಟುಬಿಡಿ.

ಬೆಟ್ಟ ಜರುಗುವುದೂ ಅಷ್ಟೇ ನಿಜ. ಬಸಿಲಿಕಾತಾದ ಕ್ರಾಕೊ 1963ರ ಭೂಕುಸಿತದ ನಂತರ ಖಾಲಿಯಾಗಿ ಹಾಗೇ ನಿಂತಿದೆ. ಚಿವಿತಾ ದಿ ಬಾಞೊರೇಜೊ ನಿಂತಿರುವ ಮೆತ್ತನೆಯ ಬಂಡೆ ಇಂದಿಗೂ ಅಂಚಿನಿಂದ ಕಳಚುತ್ತಿದೆ, ಊರಿಗೆ ಹೋಗಲು ಕಾಲುಸೇತುವೆ ಒಂದೇ ದಾರಿ. ಇಟಲಿಯ ಪರಿಸರ ಸಂಸ್ಥೆ ಇಸ್‌ಪ್ರಾ ನಡೆಸುವ ‘ಇದ್ರೊಜೆಯೊ’ ಎಂಬ ಜಾಲತಾಣದಲ್ಲಿ ಭೂಕುಸಿತ ಮತ್ತು ಪ್ರವಾಹದ ನಕ್ಷೆ ಉಚಿತವಾಗಿ ಸಿಗುತ್ತದೆ. ಊರಿನ ಹೆಸರಲ್ಲ, ಬೀದಿಯನ್ನೇ ಹುಡುಕಿ ನೋಡಿ. ಒಂದೇ ಊರಿನ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲ ಇರುವುದುಂಟು.

ಮೂರನೆಯದು ಓಡಾಟ. ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ಬದಲಾಯಿಸಿ ಕೊಡುವುದಿಲ್ಲ. ವಾಸ ನೋಂದಣಿಯಾದ ಒಂದು ವರ್ಷದವರೆಗೆ ಅಂತರರಾಷ್ಟ್ರೀಯ ಪರವಾನಗಿಯೊಂದಿಗೆ ಓಡಿಸಬಹುದು, ಆಮೇಲೆ ಹೊಸದಾಗಿ ಪರೀಕ್ಷೆ ಬರೆಯಬೇಕು. ಇಟಾಲಿಯನ್ ಭಾಷೆಯಲ್ಲಿ 30 ಪ್ರಶ್ನೆ, 20 ನಿಮಿಷ, ಮೂರಕ್ಕಿಂತ ಹೆಚ್ಚು ತಪ್ಪಾದರೆ ನಪಾಸು. ಹಾಗಾಗಿ ಮೊದಲ ಎರಡು ವರ್ಷ ಕಾರಿಲ್ಲದೆ ಬದುಕಲು ಆಗುವ ಊರನ್ನೇ ಆರಿಸಿ. ಬಸ್ ವೇಳಾಪಟ್ಟಿಯಲ್ಲಿ ‘ಫೆರಿಯಾಲೆ’ ಎಂದಿದ್ದರೆ ಸೋಮವಾರದಿಂದ ಶನಿವಾರ, ‘ಫೆಸ್ತೀವೊ’ ಎಂದರೆ ಭಾನುವಾರ ಮತ್ತು ರಜಾದಿನ, ‘ಸ್ಕೊಲಾಸ್ತಿಕೊ’ ಎಂದರೆ ಶಾಲೆ ಇರುವ ದಿನ ಮಾತ್ರ. ದಿನಕ್ಕೆ ಎಂಟು ಬಸ್ ಎಂದು ಕಂಡದ್ದರಲ್ಲಿ ಐದು ಶಾಲೆಯ ಬಸ್ ಆಗಿದ್ದು, ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ನಿಂತುಹೋಗುವುದು ಸಾಮಾನ್ಯ.

ಹಾಗೆಯೇ ಊರಲ್ಲಿ ಪ್ರಾಥಮಿಕ ಶಾಲೆ ಇದೆಯೇ ನೋಡಿ. ನಿಮಗೆ ಶಾಲೆ ಯಾಕೆ ಅನಿಸಬಹುದು. ಶಾಲೆ ಇರುವಲ್ಲಿ ಮಕ್ಕಳಿರುತ್ತಾರೆ, ಮಕ್ಕಳಿರುವಲ್ಲಿ ಅಪ್ಪ ಅಮ್ಮಂದಿರು, ಅವರಿಂದ ಬಸ್, ಔಷಧದಂಗಡಿ, ಬೇಕರಿ ಉಳಿಯುತ್ತವೆ. ಶಾಲೆ ಮುಚ್ಚಿದ ಊರಲ್ಲಿ ಐದಾರು ವರ್ಷದೊಳಗೆ ಒಂದೊಂದಾಗಿ ಉಳಿದವೂ ಮುಚ್ಚುತ್ತವೆ. ಬೇರೆ ಯಾವ ಅಂಕಿಅಂಶಕ್ಕಿಂತ ಈ ಗುರುತು ನಂಬಿಕಸ್ಥ. ಆಸ್ಪತ್ರೆಯ ಮಾತಿಗೆ ಬಂದರೆ, ತುರ್ತು ಚಿಕಿತ್ಸೆ ವಿಭಾಗ ಇರುವ ಆಸ್ಪತ್ರೆ ಚಳಿಗಾಲದ ರಸ್ತೆಯಲ್ಲಿ ಅರ್ಧ ಗಂಟೆಯೊಳಗೆ ಇರಬೇಕು. ಹೃದಯದ ತೊಂದರೆ ಇದ್ದವರು ಸ್ಟೆಂಟ್ ಹಾಕುವ ಸೌಲಭ್ಯ ಯಾವ ಊರಲ್ಲಿದೆ ಎಂದೂ ಕೇಳಿಕೊಳ್ಳಬೇಕು.

ಈ ಜರಡಿಯಲ್ಲಿ ಉಳಿಯುವ ಕೆಲವು

ಉಂಬ್ರಿಯಾದ ಒರ್ವಿಯೇತೊ ನಮ್ಮ ಪಟ್ಟಿಯಲ್ಲಿ ಮೇಲಿರುತ್ತದೆ. ರೋಮ್–ಫ್ಲಾರೆನ್ಸ್ ರೈಲುಮಾರ್ಗದಲ್ಲೇ ಇದೆ, ನಿಲ್ದಾಣದಿಂದ ಬಂಡೆಯ ಮೇಲಿನ ಊರಿಗೆ ಹಗ್ಗದ ರೈಲು ಒಯ್ಯುತ್ತದೆ, ಆಸ್ಪತ್ರೆ ಇದೆ. ಆದರೆ ಶೇ 7ರ ತೆರಿಗೆ ಅಲ್ಲಿ ಸಿಗದು. ಸ್ಪೆಲ್ಲೊ ಚಿಕ್ಕದು, ರೈಲು ನಿಲ್ಲುತ್ತದೆ, ದೊಡ್ಡ ಆಸ್ಪತ್ರೆಯಿರುವ ಫೊಲಿಞೊ ಪಕ್ಕದಲ್ಲೇ. ತೋದಿ, ಉರ್ಬೀನೊ ಸುಂದರ, ಆದರೆ ಕಾರಿಲ್ಲದವರಿಗೆ ಕಷ್ಟ. ತಸ್ಕನಿಯ ಮೊಂತೆಪುಲ್ಚಾನೊ, ಕೊರ್ತೋನಾಗಳಲ್ಲಿ ಬೆಲೆ ಏರಿ ಬಹಳ ಕಾಲವಾಯಿತು.

ತೆರಿಗೆ ಮುಖ್ಯವಾದರೆ ಪುಲಿಯಾದ ಇತ್ರಿಯಾ ಕಣಿವೆಯ ಲೊಕೊರೊತೊಂದೊ ಮತ್ತು ಚಿಸ್ತೆರ್ನೀನೊ ನೋಡಿ. ಎರಡೂ 400 ಮೀಟರ್ ಆಸುಪಾಸು, ಭೂಕಂಪದ ಅಪಾಯ ಕಡಿಮೆ, ರೈಲಿದೆ, ಬಾರಿ ಮತ್ತು ಬ್ರಿಂದಿಸಿ ವಿಮಾನ ನಿಲ್ದಾಣ ಹತ್ತಿರ, ಚಳಿಯೂ ಸಹಿಸುವಷ್ಟು. ಎಲ್ಲವನ್ನೂ ಕೂಡಿಸಿ ಕಳೆದರೆ ನಮ್ಮ ಕಡೆಯವರಿಗೆ ಇದಕ್ಕಿಂತ ಹೊಂದುವ ಕಣಿವೆ ಕಡಿಮೆ. ಮೊಲೀಸೆಯ ಅಞೋನೆ ಅಗ್ಗ, ಜನ ಒಳ್ಳೆಯವರು, ಆದರೆ 800 ಮೀಟರ್ ಮೇಲಿದೆ, ರೈಲಿಲ್ಲ.

ಸಿಸಿಲಿಯ ಮುಸ್ಸೊಮೇಲಿ, ಸಂಬೂಕಾ, ಗಾಂಜಿಗಳ ಒಂದು ಯೂರೋ ಮನೆಯ ಸುದ್ದಿ ಎಲ್ಲರೂ ಓದಿರುತ್ತಾರೆ. ಒಂದು ಯೂರೋ ನಿಜ. ಜೊತೆಗೆ ಸಾಮಾನ್ಯವಾಗಿ 5,000 ಯೂರೋ ಭದ್ರತಾ ಠೇವಣಿ, ಮೂರು ವರ್ಷದೊಳಗೆ ದುರಸ್ತಿ ಮುಗಿಸುವ ಷರತ್ತು, ನೋಟರಿ ಖರ್ಚು ಇವೆ. ಛಾವಣಿ ಬಿದ್ದ ಮನೆಯ ದುರಸ್ತಿ ಚದರ ಮೀಟರಿಗೆ ಸಾವಿರ ಯೂರೋ ದಾಟುವುದು ಸಾಮಾನ್ಯ. 80 ಚದರ ಮೀಟರ್ ಎಂದರೆ 80,000 ಯೂರೋ. ಅಷ್ಟೇ ದುಡ್ಡಿಗೆ ಅದೇ ಊರಿನಲ್ಲಿ ಈಗಲೇ ವಾಸಕ್ಕೆ ಯೋಗ್ಯವಾದ ಮನೆ ಸಿಗುತ್ತದೆ.

ಜನವರಿಯ ಭೇಟಿ

ಪ್ರವಾಸಿ ವೀಸಾದಲ್ಲಿ ಹೋಗಿ, ಮೂರೇ ಊರು ಇಟ್ಟುಕೊಂಡು, ಒಂದೊಂದರಲ್ಲಿ ಒಂದು ವಾರ ಇರಿ. ವಾರದಲ್ಲಿ ಭಾನುವಾರ ಸೇರಿರಲಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಎಲ್ಲ ಕಡೆ ಅಂಗಡಿ ಮುಚ್ಚುತ್ತದೆ, ಅದನ್ನು ನೋಡಿ ಊರು ಸತ್ತಿದೆ ಅಂದುಕೊಳ್ಳಬೇಡಿ. ಸಂಜೆ ಆರಕ್ಕೆ ಚೌಕಕ್ಕೆ ಬನ್ನಿ. ಅಂಚೆ ಕಚೇರಿ ವಾರದಲ್ಲಿ ಎಷ್ಟು ದಿನ ತೆರೆಯುತ್ತದೆ, ಕುಟುಂಬ ವೈದ್ಯರು ಯಾವ ದಿನ ಕೂರುತ್ತಾರೆ, ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಔಷಧದಂಗಡಿಯಲ್ಲಿ ಕೇಳಿ. ಊರಿನ ಎಲ್ಲ ಸತ್ಯವೂ ಆ ಕೌಂಟರಿನ ಹಿಂದಿನವರಿಗೆ ಗೊತ್ತಿರುತ್ತದೆ.

ಮೆಟ್ಟಿಲು ಎಣಿಸಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಆಷಾಢದಲ್ಲಿ ಹತ್ತುವುದು ಒಂದು, ಕಾರು ನಿಲ್ಲಿಸುವ ಜಾಗದಿಂದ ಮನೆಗೆ ನೂರಿಪ್ಪತ್ತು ಮೆಟ್ಟಿಲನ್ನು ದಿನಾ ತರಕಾರಿ ಚೀಲ ಹಿಡಿದು ಹತ್ತುವುದು ಇನ್ನೊಂದು. ಹತ್ತು ಕಿಲೋ ಭಾರ ಹೊತ್ತು, ಮಳೆ ಬಂದು ಕಲ್ಲು ನೆಂದಿರುವಾಗ ಹತ್ತಿ ಇಳಿದು ನೋಡಿ. ಇಳಿಯುವುದೇ ಮಂಡಿಗೆ ಹೆಚ್ಚು ಕಷ್ಟ. ಹಳೆಯ ಊರಿನೊಳಗೆ ಹೊರಗಿನವರ ವಾಹನಕ್ಕೆ ನಿರ್ಬಂಧವಿರುತ್ತದೆ, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ ಎಂದೂ ವಿಚಾರಿಸಿ.

ಮನೆ ನೋಡುವಾಗ ದಿಕ್ಕು ನೋಡುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ, ಆದರೆ ನೋಡಬೇಕಾದದ್ದು ಪೂರ್ವದ ಬಾಗಿಲಲ್ಲ, ದಕ್ಷಿಣದ ಕಿಟಕಿ. ಡಿಸೆಂಬರ್ 21ರಂದು ಉಂಬ್ರಿಯಾದಲ್ಲಿ ನಡುಹಗಲ ಸೂರ್ಯ ದಿಗಂತದಿಂದ 23–24 ಡಿಗ್ರಿ ಮಾತ್ರ ಮೇಲೇರುತ್ತಾನೆ, ಮೈಸೂರಿನಲ್ಲಿ 54. ಅಂದರೆ ಒಂಬತ್ತು ಮೀಟರ್ ಎತ್ತರದ ಮನೆಯ ನೆರಳು ಮೈಸೂರಿನಲ್ಲಿ ಆರೂವರೆ ಮೀಟರ್, ಅಲ್ಲಿ ಇಪ್ಪತ್ತು. ಮೂರು ಮೀಟರ್ ಅಗಲದ ಓಣಿಯಲ್ಲಿ ಕೆಳಮಹಡಿ ಮನೆಗೆ ವಾರಗಟ್ಟಲೆ ಬಿಸಿಲು ಬೀಳುವುದಿಲ್ಲ, ಗೋಡೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಬೀರುವಿನ ಹಿಂದೆ, ಉತ್ತರದ ಮೂಲೆಯಲ್ಲಿ ಕೈಯಿಟ್ಟು ನೋಡಿ. ಹೊಸದಾಗಿ ಸುಣ್ಣ ಬಳಿದ ವಾಸನೆ ಬಂದರೆ ಇನ್ನೂ ಎಚ್ಚರ. ಮಾಲೀಕರಿಂದ ಹಿಂದಿನ ಚಳಿಗಾಲದ ಗ್ಯಾಸ್, ವಿದ್ಯುತ್ ಬಿಲ್ಲು ಮತ್ತು ಎ4ರಿಂದ ಜಿ ವರೆಗೆ ದರ್ಜೆ ಕೊಡುವ ಇಂಧನ ಪ್ರಮಾಣಪತ್ರ ಕೇಳಿ, ಬಾಡಿಗೆಗೂ ಮಾರಾಟಕ್ಕೂ ಅದು ಕಡ್ಡಾಯ. ಕೊಳವೆ ಗ್ಯಾಸ್ ಇಲ್ಲದ ಊರಲ್ಲಿ ತೊಟ್ಟಿಯಲ್ಲಿ ತುಂಬಿಸುವ ಗ್ಯಾಸ್ ದುಬಾರಿ. ಮರದ ಪುಡಿಯ ಗುಳಿಗೆ ಉರಿಸುವ ಒಲೆ ಅಗ್ಗ, ಆದರೆ 15 ಕಿಲೋ ಚೀಲಗಳನ್ನು ಅದೇ ಮೆಟ್ಟಿಲ ಮೇಲೆ ಹೊರಬೇಕು.

ಅಡುಗೆಮನೆಗೆ ಸಂಬಂಧಿಸಿದ ಎರಡು ಮಾತು. ಅಲ್ಲಿ ಮನೆಗಳಿಗೆ ಸಾಮಾನ್ಯವಾಗಿ 3 ಕಿಲೋವಾಟ್ ಸಂಪರ್ಕ ಮಾತ್ರ. ಗೀಸರ್, ಓವನ್, ಇಂಡಕ್ಷನ್ ಒಟ್ಟಿಗೆ ಹಚ್ಚಿದರೆ ಮೀಟರೇ ಕತ್ತರಿಸುತ್ತದೆ. ಅರ್ಜಿ ಕೊಟ್ಟು 4.5 ಅಥವಾ 6ಕ್ಕೆ ಏರಿಸಿಕೊಳ್ಳಬಹುದು. ನಮ್ಮ ಮಿಕ್ಸಿ, ಗ್ರೈಂಡರ್ 230 ವೋಲ್ಟ್‌ನಲ್ಲಿ ಅಲ್ಲೂ ಓಡುತ್ತವೆ, ಪ್ಲಗ್ ಮಾತ್ರ ಬದಲಾಯಿಸಬೇಕು. ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನ ತರುವಂತಿಲ್ಲ, ಹಾಗಾಗಿ ಮನೆ ತುಪ್ಪ ಕಟ್ಟಿಕೊಂಡು ಹೋಗಬೇಡಿ. ಅಲ್ಲಿ ಬೆಣ್ಣೆ ಧಾರಾಳ, ಕಾಯಿಸಿಕೊಳ್ಳಿ. ಕಡಲೆ, ಹುರುಳಿಕಾಯಿಯ ಬೀಜ, ಉಂಬ್ರಿಯಾದ ಕಸ್ತೆಲ್ಲೂಚೊ ಬೇಳೆ ಎಲ್ಲ ಕಡೆ ಸಿಗುತ್ತವೆ. ತೊಗರಿಬೇಳೆ, ಹುಣಸೆ, ಇಂಗಿಗೆ ರೋಮ್‌ನ ಎಸ್ಕ್ವಿಲೀನೊ ಮಾರುಕಟ್ಟೆಗೆ ಹೋಗಬೇಕು, ಅದು ತೆರ್ಮಿನಿ ನಿಲ್ದಾಣದಿಂದ ನಡೆದುಹೋಗುವಷ್ಟು ದೂರ. ಶುದ್ಧ ಸಸ್ಯಾಹಾರಿಗಳು ತಿಳಿದಿರಬೇಕಾದ್ದು: ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಜಠರದ ಅಂಶ ಬಳಸುತ್ತಾರೆ, ಕೆಲವು ಬ್ರೆಡ್‌ಗಳಿಗೆ ಹಂದಿ ಕೊಬ್ಬು ಸೇರಿರುತ್ತದೆ, ಆ ಹೆಸರು ‘ಸ್ತ್ರುತ್ತೊ’.

ಮೊದಲು ಬಾಡಿಗೆ

ವೀಸಾ ಅರ್ಜಿಗೇ ಅಲ್ಲಿನ ಮನೆಯ ದಾಖಲೆ ಬೇಕು. ಈ ಕಾರಣಕ್ಕೆ ಆತುರದಲ್ಲಿ ಮನೆ ಕೊಳ್ಳುವವರಿದ್ದಾರೆ, ಹಾಗೆ ಮಾಡಬೇಡಿ. ಜನವರಿಯ ಭೇಟಿಯಲ್ಲೇ ಅಲ್ಲಿನ ತೆರಿಗೆ ಕಚೇರಿಯಲ್ಲಿ ‘ಕೊದಿಚೆ ಫಿಸ್ಕಾಲೆ’ ಸಂಖ್ಯೆ ಮಾಡಿಸಿ, ಅದು ನಮ್ಮ ಪ್ಯಾನ್ ಇದ್ದ ಹಾಗೆ. ಅದರ ಮೇಲೆ ಕನಿಷ್ಠ ಒಂದು ವರ್ಷದ ಬಾಡಿಗೆ ಕರಾರು ಮಾಡಿಕೊಳ್ಳಿ. ಕರಾರು 30 ದಿನದೊಳಗೆ ತೆರಿಗೆ ಕಚೇರಿಯಲ್ಲಿ ನೋಂದಣಿಯಾಗಬೇಕು, ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರಬಾರದು. ನೋಂದಣಿ ಬೇಡ, ಬಾಡಿಗೆ ಕಡಿಮೆ ಮಾಡುತ್ತೇನೆ ಎನ್ನುವ ಮಾಲೀಕರಿಂದ ದೂರವಿರಿ, ಆ ಕಾಗದ ವೀಸಾಕ್ಕೂ ಆಗದು, ವಾಸ ನೋಂದಣಿಗೂ ಆಗದು.

ಒಂದು ಪೂರ್ತಿ ಚಳಿಗಾಲ ಕಳೆದ ಮೇಲೂ ಊರು ಹಿಡಿಸಿದರೆ ಕೊಳ್ಳುವ ಮಾತು. ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಭಾರತದ ನಿವಾಸಿಗಳು ಹೊರದೇಶಕ್ಕೆ ಹಣ ಕಳಿಸುವ ಯೋಜನೆ) ಅಡಿಯಲ್ಲಿ ಒಬ್ಬರಿಗೆ ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ. ರಿಟರ್ನ್ ಸಲ್ಲಿಸಿದಾಗ ಅದು ತೆರಿಗೆಗೆ ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಆ ಹಣ ಕೈಯಲ್ಲಿರುವುದಿಲ್ಲ. ಅನಿವಾಸಿಯಾದ ಮೇಲೆ ಈ ದಾರಿ ಮುಚ್ಚುತ್ತದೆ, ಆಗ ಅನಿವಾಸಿಗಳು ಭಾರತದ ಆದಾಯ ಇಡುವ ಎನ್‌ಆರ್‌ಒ ಖಾತೆಯಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಮನೆ ಕೊಳ್ಳುವಾಗ ಕಟ್ಟಡದ ಅಳತೆ, ದಾಖಲೆ ಪರಿಶೀಲಿಸುವ ಅಲ್ಲಿನ ತಜ್ಞ ‘ಜೆಯೊಮೆತ್ರಾ’ ಒಬ್ಬರನ್ನು ನೀವೇ ನೇಮಿಸಿ, ನಗರಸಭೆಯಲ್ಲಿರುವ ನಕ್ಷೆಗೂ ಮನೆಗೂ ಹೊಂದುತ್ತದೆಯೇ ನೋಡಿಸಿ. ಹಳೆಯ ಮನೆಗಳಲ್ಲಿ ಸ್ನಾನದ ಕೋಣೆಯೋ ಮೇಲಂತಸ್ತೋ ನಕ್ಷೆಯಲ್ಲೇ ಇರುವುದಿಲ್ಲ. ಅಮೆರಿಕದಲ್ಲೋ ಅರ್ಜೆಂಟೀನಾದಲ್ಲೋ ಇರುವ ಏಳೆಂಟು ವಾರಸುದಾರರ ಸಹಿ ಬಾಕಿ ಇರುವುದೂ ಉಂಟು. ಇವೆಲ್ಲ ತಿಳಿದ ಮೇಲೆಯೇ ಮುಂಗಡ ಕೊಟ್ಟು ಪ್ರಾಥಮಿಕ ಕರಾರು ಮಾಡಿ, ನೀವೇ ಹಿಂದೆ ಸರಿದರೆ ಮುಂಗಡ ಹೋಗುತ್ತದೆ. ನೋಂದಣಿ ತೆರಿಗೆ ಸರ್ಕಾರಿ ಮೌಲ್ಯದ ಶೇ 9. ಅದೇ ಊರಲ್ಲಿ 18 ತಿಂಗಳೊಳಗೆ ವಾಸ ನೋಂದಾಯಿಸಿ ಮೊದಲ ಮನೆ ಎಂದು ತೋರಿಸಿದರೆ ಶೇ 2.

ಹೋದ ಮೇಲಿನ ಮೊದಲ ವಾರ

ಇಳಿದ ಎಂಟು ಕೆಲಸದ ದಿನದೊಳಗೆ ಅಂಚೆ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, 16 ಯೂರೋ ಸ್ಟಾಂಪು ಜೊತೆಗಿರಲಿ. ನಂತರ ನಗರಸಭೆಯಲ್ಲಿ ವಾಸ ನೋಂದಣಿ. ಸ್ಥಳೀಯ ಪೊಲೀಸರು ಮನೆಗೆ ಬಂದು ನೀವಿದ್ದೀರಾ ಎಂದು ನೋಡಿಹೋಗುತ್ತಾರೆ, ಕರೆಗಂಟೆಯ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಸರ್ಕಾರಿ ಆರೋಗ್ಯ ಸೇವೆಗೆ ಸೇರಲು 2024ರಿಂದ ವರ್ಷಕ್ಕೆ ಕನಿಷ್ಠ 2,000 ಯೂರೋ ಕಟ್ಟಬೇಕು, ಅಲ್ಲಿಯವರೆಗೆ ಖಾಸಗಿ ವಿಮೆ ಬೇಕು. ಮದುವೆ ಪ್ರಮಾಣಪತ್ರಕ್ಕೆ, ದಾಖಲೆ ಅಸಲಿ ಎಂದು ಹೊರದೇಶಕ್ಕೆ ದೃಢಪಡಿಸುವ ಅಪೊಸ್ಟಿಲ್ ಮುದ್ರೆ ಭಾರತದಲ್ಲೇ ಹಾಕಿಸಿ ಇಟಾಲಿಯನ್‌ಗೆ ಅನುವಾದ ಮಾಡಿಸಿಕೊಂಡಿರಿ. ದಸರೆಗೆ ಬಂದು ಯುಗಾದಿ ಮುಗಿಸಿಕೊಂಡೇ ಹೋಗುತ್ತೇವೆ ಎನ್ನುವವರು ದಿನ ಎಣಿಸಿಕೊಳ್ಳಿ: ಒಂದು ವರ್ಷದ ಪರವಾನಗಿ ಇರುವಾಗ ಸತತ ಆರು ತಿಂಗಳು ದಾಟಿ ಇಟಲಿಯಿಂದ ಹೊರಗಿದ್ದರೆ ಅದು ನವೀಕರಣವಾಗದೆ ಹೋಗಬಹುದು. ಪಿಂಚಣಿಯವರು ನವೆಂಬರಿನ ಜೀವನ ಪ್ರಮಾಣಪತ್ರವನ್ನು ಅಲ್ಲಿಂದ ಹೇಗೆ ಸಲ್ಲಿಸುವುದು ಎಂದು ಹೊರಡುವ ಮೊದಲೇ ಮೈಸೂರಿನ ತಮ್ಮ ಬ್ಯಾಂಕಿನಲ್ಲಿ ಬರೆಸಿಕೊಳ್ಳಬೇಕು.